ಒಳಗೆಳೆದುಕೊಂಡ ಹೌದು

ಮೋನ್ಸ್ ಒತ್ತಿದ್ದು ಒಂದೇ ಒಂದು ಗುಂಡಿ. ಎಡಿಟಿಂಗಿಗೆಂದು ಹೊಸದಾಗಿ ಹಾಕಿಸಿಕೊಂಡ ಸಾಫ್ಟ್‌ವೇರಿನಲ್ಲಿ ‘ಉಸಿರಿನ ಸದ್ದು ತೆಗೆ’ ಎಂದಿದ್ದ ಗುಂಡಿ.

ದೂರದ ಉತ್ತರದ ಹಿಮದ ನಾಡಿನ ಲೂಮ್‌ಸೆಲೆ ಊರಿನ ಪಾಡ್‌ಕಾಸ್ಟ್‌ನಲ್ಲಿ ಮಾತು ಅಂಗಡಿಯ ಗುನ್‌ಹಿಲ್ಡಳದು, ಕತ್ತರಿ ಮೋನ್ಸ್‌ನದು. ಆ ಊರಿನವರು ಒಂದು ವಾಕ್ಯ ಮುಗಿಸಿ ಇನ್ನೊಂದನ್ನು ಶುರು ಮಾಡುವುದರೊಳಗೆ ಹೋಗಿ ಒಲೆ ಹೊತ್ತಿಸಿ ಬರಬಹುದು. ಆ ಮೌನ, ಕೆಮ್ಮು, ಗಂಟಲ ಕೆರೆತವನ್ನೆಲ್ಲ ಕತ್ತರಿಸಿ ಮಾತನ್ನು ಕೇಳುವಂತೆ ಮಾಡುವವನು ತಾನೇ ಎಂದು ಅವನಿಗೆ ಹೆಮ್ಮೆ. ಆಸೆ ಮಾತ್ರ ಬೇರೆ ಇತ್ತು. ಊರಿನ ಕಡವೆ ಬೇಟೆಯ ತಂಡಕ್ಕೆ ಸೇರಬೇಕು. ದೇಶದ ದಕ್ಷಿಣದಿಂದ ಬಂದು ಈ ಊರಿನ ಸೀವ್‌ಳನ್ನು ಮದುವೆಯಾಗಿ ಎಷ್ಟೋ ವರ್ಷ ಕಳೆದಿತ್ತು. ಈಗಲೂ ಬೇಟೆಯ ಕಾಲದಲ್ಲಿ ಊರಿಗೆ ಊರೇ ಕಾಡು ಸೇರಿದರೆ ಇವನೊಬ್ಬ ಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಕೂರುತ್ತಿದ್ದ. “ನಮ್ಮ ನಾಯಿನಾದ್ರೂ ಕರ್ಕೊಂಡ್ ಹೋಗ್ತಾರೆ” ಎಂದು ಸೀವ್ ಚುಚ್ಚುತ್ತಿದ್ದಳು.

ಹೊಸ ಕಂತು ಹೊರಬಿದ್ದ ಮಾರನೆಯ ಬೆಳಿಗ್ಗೆ ಅವನು ಹಾಲಿಗೆ ಹೋದರೆ, ಗುನ್‌ಹಿಲ್ಡ್ ಹಾಲಿನ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ನಿಂತಳು.

“ತಮ್ಮಾ, ಏವರ್ಟ್‌ ಅವ್ರನ್ನ ನಾನು ಕೇಳಿದ್ನಲ್ಲ, ಬೇಟೆ ತಂಡಕ್ಕೆ ನಮ್ಮ ಮೋನ್ಸ್‌ನ ಸೇರಿಸ್ಕೋತೀರಾ ಅಂತ. ಉತ್ತರ ಎಲ್ಲಿ ಹೋಯ್ತು?”

ಏವರ್ಟ್ ಬೇಟೆ ತಂಡದ ಯಜಮಾನ. ಮೋನ್ಸ್ ಮುಖ ಸಣ್ಣ ಮಾಡಿದ. “ಅವ್ರು ಉತ್ತರ ಕೊಡ್ಲೇ ಇಲ್ವಲ್ಲ. ಬೇಜಾರಾದ್ರೂ ಪ್ರಶ್ನೆ ಹಾಗೇ ಬಿಟ್ಟೆ.”

“ಕೊಟ್ರು ಕಣೋ. ನಾನು ಎದುರಿಗೇ ಕೂತಿದ್ದೆ.” ಗುನ್‌ಹಿಲ್ಡ್ ತುಟಿ ಚೂಪು ಮಾಡಿ, ಬಚ್ಚಲ ತೂತು ಕೊನೆಯ ನೀರೆಳೆದುಕೊಂಡಂತೆ ಗಾಳಿಯನ್ನು ಒಳಗೆಳೆದಳು. “ಶ್‌ಹುಪ್.”

ಮೋನ್ಸ್‌ನ ಕೈಯಿಂದ ಚೀಲ ಜಾರಿತು. ಆ ಸೀಮೆಯಲ್ಲಿ ಹೌದು ಎನ್ನುವುದು ಬಾಯಿಂದ ಹೊರಗೆ ಬರುವುದಿಲ್ಲ, ಉಸಿರಾಗಿ ಒಳಗೆ ಹೋಗುತ್ತದೆ. ಅದು ಅವನಿಗೆ ಗೊತ್ತಿತ್ತು, ಗುಂಡಿಗೆ ಗೊತ್ತಿರಲಿಲ್ಲ. ಇವನೋ ಮೊದಲು ಕೇಳಿ ಆಮೇಲೆ ಒತ್ತುವ ಬದಲು, ಮೊದಲು ಒತ್ತಿ ಆಮೇಲೆ ಕೇಳಿದ್ದ.

“ಅದೊಂದೇ ಆಗಿದ್ರೆ ನಿನ್ನ ಕರ್ಮ ಅಂತ ಬಿಡ್ತಿದ್ದೆ,” ಎಂದಳು ಗುನ್‌ಹಿಲ್ಡ್. “ಇಂಗೆಯರ್ಡ್‌ನ ಕಟ್ಕೊಂಡು ಸುಖವಾಗಿದೀರಾ ಅಂತಾನೂ ಕೇಳಿದ್ದೆ. ಆಮೇಲೆ ಏನ್ ಕೇಳಿಸ್ತು ಹೇಳು? ‘ಈ ಸಲ ಉಣ್ಣಿ ಹುಳದ ಕಾಟ ಜಾಸ್ತಿ.’”

“ಪಾಪ, ರಾತ್ರಿ ಹೆಂಡ್ತಿ ಅವ್ರನ್ನ ಹಿತ್ತಲಿನ ಹಬೆಸ್ನಾನದ ಕೋಣೇಲಿ, ಸೌನಾದಲ್ಲಿ ಮಲಗಿಸಿದ್ರಂತೆ,” ಎಂದ ಹಿಂದೆ ನಿಂತಿದ್ದ ಅಂಚೆಯವನು.

“ಬೆಚ್ಚಗಿರುತ್ತಲ್ಲ, ಬಿಡಿ,” ಎಂದ ಮೋನ್ಸ್, ಆಸೆಯಿಂದ.

“ಕಟ್ಟಿಗೆ ಕೊಟ್ಟಿಲ್ವಂತೆ.”

ಹಾಲು ಅಲ್ಲೇ ಬಿಟ್ಟು ಮೋನ್ಸ್ ಮನೆಗೆ ಓಡಿದ. ಗುಂಡಿ ಕಸಿದುಕೊಂಡಿದ್ದನ್ನೆಲ್ಲ ಒಂದೇ ಏಟಿಗೆ ವಾಪಸು ತಂದ. ಹೌದುಗಳ ಜೊತೆ ಗುನ್‌ಹಿಲ್ಡಳ ಬಿಕ್ಕಳಿಕೆ, ನಾಯಿಯ ತೇಕು ಎಲ್ಲವೂ ಬಂದವು. ಬರಲಿ ಎಂದು ಕಂತನ್ನು ಮತ್ತೆ ಹಾಕಿ, ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಏವರ್ಟ್‌ನ ಮನೆಗೆ ಹೊರಟ.

ಏವರ್ಟ್ ಅಂಗಳದಲ್ಲಿ ಕಟ್ಟಿಗೆ ಒಡೆಯುತ್ತಿದ್ದ. ಕಣ್ಣು ಕೆಂಪಗಿತ್ತು. “ನಿನ್ನ ಕತ್ತರಿಗಿಂತ ಈ ಕೊಡಲಿ ವಾಸಿ,” ಎಂದಷ್ಟೇ ಹೇಳಿ ಒಳಗೆ ಕರೆದೊಯ್ದ.

ಅಡುಗೆಮನೆಯಲ್ಲಿ ಇಂಗೆಯರ್ಡ್ ಕೈಕಟ್ಟಿ ನಿಂತಿದ್ದಳು. ಮೋನ್ಸ್ ಆ ಜಾಗ ಹುಡುಕಿ ಹಾಕಿದ.

“ಸುಖವಾಗಿದೀರಾ?”

“ಶ್‌ಹುಪ್.”

“ಇನ್ನೊಂದ್ಸಲ ಹಾಕು,” ಎಂದಳು. ಹಾಕಿದ. “ಇನ್ನೂ ಒಂದ್ಸಲ.” ಅವಳ ಕೈಗಳು ಬಿಚ್ಚಿಕೊಂಡವು. “ನನ್ನೆದುರಿಗೆ ಯಾವತ್ತೂ ಇಷ್ಟು ಜೋರಾಗಿ ಹೇಳಿಲ್ಲ, ಗೊತ್ತಾ? ಕೂತ್ಕೋ ಮೋನ್ಸ್. ಬನ್ ತಿನ್ನು.”

ಏಲಕ್ಕಿ ಬನ್ನು ಒಲೆಯಿಂದ ಆಗತಾನೆ ಇಳಿದಿತ್ತು. ಮೋನ್ಸ್ ಮುಂದಿನ ಪ್ರಶ್ನೆಯನ್ನೂ ಹಾಕಿ ತನ್ನ ಹೌದನ್ನು ಕಿವಿತುಂಬ ಕೇಳಿದ. ಅಷ್ಟರಲ್ಲಿ ಸೀವ್‌ಳ ಫೋನು ಬಂತು. ಊರೆಲ್ಲ ಹೊಸ ಕಂತು ಕೇಳಿಯಾಗಿತ್ತು. “ಅಂತೂ ನಾಯಿಗೆ ಜೊತೆಯಾಯ್ತು. ಅಪ್ಪನ ಕೋವಿ ಒರೆಸಿಟ್ಟಿದೀನಿ,” ಎಂದಳು. ಮೋನ್ಸ್‌ಗೆ ಬನ್ನು ಇನ್ನಷ್ಟು ರುಚಿಸಿತು.

ಇಂಗೆಯರ್ಡ್ ಕಾಫಿ ಬಗ್ಗಿಸಿದಳು. ಏವರ್ಟ್ ಅದನ್ನು ಹಳೇ ಕಾಲದವರ ಹಾಗೆ ಸಾಸರಿಗೆ ಸುರಿದುಕೊಂಡು, ಸಕ್ಕರೆ ಅಚ್ಚನ್ನು ಮುಂದಿನ ಹಲ್ಲುಗಳ ನಡುವೆ ಕಚ್ಚಿ, ಕಣ್ಣುಮುಚ್ಚಿ ಹೀರಿದ.

“ಶ್‌ಹುಪ್.”

ಮೋನ್ಸ್‌ನ ಬನ್ನು ಬಾಯಿಯ ಹತ್ತಿರವೇ ನಿಂತಿತು. ಪಾಡ್‌ಕಾಸ್ಟ್ ಎಡಿಟ್ ಮಾಡುವವನ ಕಿವಿ ಅದು. ಈಗಷ್ಟೇ ಕೇಳಿದ ತನ್ನ ಹೌದಿನದೇ ಎಳೆತ, ಅದೇ ಕೊನೆ. ರೆಕಾರ್ಡಿಂಗ್ ದಿನವೂ ಮೇಜಿನ ಮೇಲೆ ಕಾಫಿ ಇತ್ತು.

ಇಂಗೆಯರ್ಡ್ ಹಾಡು ಗುನುಗುತ್ತ ಕಟ್ಟಿಗೆ ತರಲು ಹೊರಗೆ ಹೋದಳು. ಏವರ್ಟ್ ಸಾಸರು ಕೆಳಗಿಟ್ಟು ಮುಂದಕ್ಕೆ ಬಾಗಿದ.

“ಅವಳ ವಿಷ್ಯಕ್ಕೆ ಹೇಳಿದ್ದು ಹೌದು,” ಎಂದ ಮೆಲ್ಲಗೆ. “ನಿನ್ನ ವಿಷ್ಯ ಬಂದಾಗ ಕಾಫಿ ಕುಡೀತಿದ್ದೆ.”

“ಹಂಗಾದ್ರೆ ತಂಡಕ್ಕೆ ನನ್ನ...”

“ಮುಂದೆ ನೋಡೋಣ. ಜಾಗ ಇಲ್ಲಪ್ಪ ಈ ಸಲ. ಮೊದಲು ನೀನು ಹಾಕಿದ್ದು ಅರ್ಧ ಸರಿಯಾಗೇ ಇತ್ತು.” ಏವರ್ಟ್ ಬಾಗಿಲ ಕಡೆ ನೋಡಿ ದನಿ ಇನ್ನೂ ತಗ್ಗಿಸಿದ. “ನಿನ್ನ ಪ್ರಶ್ನೆ ಹಿಂದಿರೋ ಕಾಫಿ ಸದ್ದು ತೆಗ್ದುಬಿಡು. ಅವಳ ಹೌದು ಮುಟ್ಟಬೇಡ. ಎರಡೂ ಬೆರೆಸಿಬಿಟ್ಟೀಯಾ ಮತ್ತೆ, ನಂಗೆ ತಣ್ಣನೆ ಸೌನಾನೇ ಗತಿ. ಮಾಡ್ತೀಯಲ್ಲ?”

ಮೋನ್ಸ್ ಬನ್ನನ್ನು ತಟ್ಟೆಗಿಟ್ಟ. ತುಟಿ ಚೂಪಾಗಿ ಗಾಳಿ ತಾನಾಗಿ ಒಳಗೆ ಹೋಯಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಅದೇ ಊರಲ್ಲಿ ಹುಟ್ಟಿದವನ ಹಾಗೆ.

“ಶ್‌ಹುಪ್.”