ಅತ್ತೆಯ ಸ್ನಾನಕ್ಕೆ ಅಪ್ಪಟ ಬಿಸಿಲು

ಬಿಟ್ಟಿಯಾಗಿ ಬಂದದ್ದನ್ನು ಬಿಟ್ಟುಕೊಡಲು ಬೇಕಾದಷ್ಟು ದೊಡ್ಡ ಮನಸ್ಸು ದೇವರು ನನಗೆ ಕೊಟ್ಟಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದುಡ್ಡು ಕೊಟ್ಟು ತಂದ ಕೊಡೆಯನ್ನು ಬಸ್ಸಿನಲ್ಲಿ ಮರೆತು ಬಂದರೂ ನನಗೆ ನಿದ್ದೆ ಬರುತ್ತದೆ. ಮದುವೆಮನೆಯಲ್ಲಿ ಕೊಟ್ಟ ತೆಂಗಿನಕಾಯಿಯನ್ನು ಮರೆತು ಬಂದರೆ ಬರುವುದಿಲ್ಲ. ಹಾಗಿರುವಾಗ ಪರ್ಕಳದ ನಮ್ಮ ಮನೆಯ ತಾರಸಿಗೆ ಸೋಲಾರ್ ಹಾಕಿಸಿದ ಮೇಲೆ ನನ್ನ ನೆಮ್ಮದಿ ಕೆಟ್ಟಿತು ಎಂದರೆ ಆಶ್ಚರ್ಯವೇನೂ ಇಲ್ಲ. ಸೂರ್ಯ ನೆತ್ತಿಯ ಮೇಲೆ ಬಂದಾಗ ನಮಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಕರೆಂಟು ಹುಟ್ಟುತ್ತದೆ. ಮಿಕ್ಕದ್ದೆಲ್ಲ ತಂತಿ ಹಿಡಿದು ಊರಿಗೆ ಹೋಗುತ್ತದೆ. ಅದಕ್ಕೆ ಏನೋ ಒಂದಷ್ಟು ಕೊಡುತ್ತಾರೆ, ನಿಜ. ಆದರೆ ಹೋಗುವುದನ್ನು ಮೀಟರಿನಲ್ಲಿ ಕಣ್ಣಾರೆ ನೋಡುತ್ತಾ ನಿಲ್ಲುವುದು ನನ್ನಿಂದಾಗದ ಕೆಲಸ.

ಮೊದಮೊದಲು ಈ ಸೋರಿಕೆಯನ್ನು ನಾನೇ ಖುದ್ದಾಗಿ ತಡೆಯಲು ಹೊರಟೆ. ರಜಾದಿನಗಳಲ್ಲಿ ಕರವಸ್ತ್ರಗಳಿಗೆಲ್ಲ ಇಸ್ತ್ರಿ ಹಾಕಿದೆ. ಬನಿಯನ್ನಿಗೂ ಹಾಕಿದೆ. ಕೆಲಸದ ದಿನ ಮಣಿಪಾಲದ ಆಫೀಸಿನ ಕಿಟಕಿಯಿಂದ ಬಿಸಿಲು ಕಂಡರೆ ಹೆಂಡತಿ ಸುಮತಿಗೆ ಫೋನು ಮಾಡಿ, “ಈಗ ಒಳ್ಳೆ ಬಿಸಿಲು ಉಂಟು, ಗ್ರೈಂಡರ್ ಹಾಕು” ಎನ್ನುತ್ತಿದ್ದೆ. ನಾಲ್ಕನೆಯ ದಿನ ಅವಳು, “ದೋಸೆ ಹಿಟ್ಟು ಮೂರು ಪಾತ್ರೆ ಉಂಟು. ಇನ್ನು ಅರೆದರೆ ನಿಮ್ಮ ತಲೆಗೆ ಹಚ್ಚಬೇಕಷ್ಟೆ” ಎಂದು ಫೋನಿಟ್ಟಳು.

ಮಿಕ್ಕ ಕರೆಂಟಿಗೆ ಒಂದು ಘನವಾದ ಉದ್ಯೋಗ ಬೇಕಾಗಿತ್ತು. ಅದು ಪ್ರತಿದಿನ ಬೆಳಿಗ್ಗೆ ಬಚ್ಚಲಿನಿಂದ ಕೆಮ್ಮಿನ ರೂಪದಲ್ಲಿ ನನ್ನನ್ನು ಕರೆಯುತ್ತಲೇ ಇತ್ತು. ನಮ್ಮದು ಹೆಣ್ಣಿನ ಕಡೆಯಿಂದ ಮನೆತನ ಎಣಿಸುವ ಅಳಿಯಕಟ್ಟಿನ ಪೈಕಿ. ತಾಯಿ ಮಗಳೊಂದಿಗೆ ಇರುವುದು ನಮ್ಮಲ್ಲಿ ಹೊಸದಲ್ಲ. ಕಾರ್ಕಳದಿಂದ ಬಂದು ನಮ್ಮ ಜೊತೆಗಿರುವ ಅತ್ತೆಗೆ ಬೆಳಕು ಹರಿಯುವ ಮೊದಲು ಬಿಸಿನೀರಿನ ಸ್ನಾನ ಆಗಬೇಕು. ಅದಕ್ಕಾಗಿ ಹಂಡೆಯ ಒಲೆಗೆ ತೆಂಗಿನ ಸಿಪ್ಪೆ ತುಂಬಿ ಊದುತ್ತಾರೆ, ಹೊಗೆ ಎದೆಗಿಳಿದು ಉಬ್ಬಸ ಹತ್ತುತ್ತದೆ. ಹೊಗೆಯ ಹತ್ತಿರ ಹೋಗಲೇಬಾರದೆಂದು ಡಾಕ್ಟರು ಎರಡು ಸಲ ಹೇಳಿದ್ದರು. ಎರಡನೆಯ ಸಲ ಹೇಳುವಾಗ ಅವರ ಮುಖದಲ್ಲಿ ನಗು ಇರಲಿಲ್ಲ. ಬಚ್ಚಲಿನಲ್ಲಿ ಗೀಸರ್ ಇದೆ. ಅತ್ತೆ ಅದನ್ನು ಮುಟ್ಟುವುದಿಲ್ಲ. “ಸಿಪ್ಪೆ ರಾಶಿ ಬಿದ್ದಿರುವಾಗ ಕರೆಂಟು ಸುಡುವುದು ಎಂತಕ್ಕೆ?” ಎಂದು ಮಗಳನ್ನು ಕೇಳುತ್ತಾರೆ. ನನ್ನೊಡನೆ ಅವರು ನೇರವಾಗಿ ಮಾತಾಡುವುದಿಲ್ಲ. ಸಿಟ್ಟಲ್ಲ, ಮರ್ಯಾದೆ. ನಾನು ಎದುರಿಗೇ ಕೂತಿದ್ದರೂ ಮಾತು ಸುಮತಿಯನ್ನು ಸುತ್ತಿಯೇ ಬರಬೇಕು.

ನಾನು ವಿಷಯ ಮಂಡಿಸಿದೆ. ಈ ಕರೆಂಟು ನಮ್ಮ ತಾರಸಿಯದೇ ಬಿಸಿಲು, ಬಳಸದಿದ್ದರೆ ಹೇಗೂ ಹೊರಗೆ ಹೋಗುತ್ತದೆ, ಮಧ್ಯಾಹ್ನ ಕಾಯಿಸಿದ ನೀರು ಗೀಸರಿನಲ್ಲಿ ಮರುದಿನ ಬೆಳಗಿನವರೆಗೂ ಬಿಸಿ ಇರುತ್ತದೆ ಎಂದೆಲ್ಲ ವಿವರಿಸಿದೆ. ಅತ್ತೆ ಸ್ವಲ್ಪ ಯೋಚಿಸಿ ಮಗಳ ಕಡೆ ತಿರುಗಿದರು. “ಬಿಸಿಲಿನದ್ದಾದರೆ ಅಡ್ಡಿಯಿಲ್ಲ ಅಂತ ಇವರಿಗೆ ಹೇಳು. ಹೊರಗಿನ ಕರೆಂಟು ಒಂದು ಚೂರು ಸೇರಿದರೂ ಆ ನೀರು ನನಗೆ ಬೇಡ. ಮತ್ತೆ ಹಂಡೆಯೇ.” ಮಡಿಯಲ್ಲೂ ಇಷ್ಟು ಕಟ್ಟುನಿಟ್ಟನ್ನು ನಾನು ಕಂಡಿರಲಿಲ್ಲ.

ಕಾಮರ್ಸ್ ಓದಿದ ನಾನು ಒಂದು ತಿಂಗಳು ಮೊಬೈಲಿನಲ್ಲಿ ವಿಡಿಯೋ ನೋಡಿ ಎಂಜಿನಿಯರ್ ಆದೆ. ಹೊರಗೆ ಹೋಗುವ ಕರೆಂಟನ್ನು ಅಳೆಯಲು ತಂತಿಗೆ ತೊಡಿಸುವ ಒಂದು ಬಳೆ, ಆ ಬಳೆಯ ಮಾತು ಕೇಳುವ ಬೆಂಕಿಪೆಟ್ಟಿಗೆಯಷ್ಟು ಬೋರ್ಡು, ಬೋರ್ಡಿನ ಮಾತು ಕೇಳುವ ಸ್ವಿಚ್ಚು. ಗೀಸರಿಗೆ ಸಾಲುವಷ್ಟು ಕರೆಂಟು ಮಿಕ್ಕಿದಾಗ ಮಾತ್ರ ಅದು ಗೀಸರನ್ನು ಹಾಕಬೇಕು, ಮೋಡ ಬಂದೊಡನೆ ಆರಿಸಬೇಕು. ಇದೆಲ್ಲವನ್ನೂ ನನ್ನ ಹಳೆಯ ಊಟದ ಡಬ್ಬಿಯೊಳಗೆ ಕೂರಿಸಿದೆ. ಗೀಸರಿಗೆ ಜೋಡಿಸಲು ಮಾತ್ರ, ಕಾಪುವಿನಲ್ಲಿ ಮಿಕ್ಸಿ, ಪಂಪು ರಿಪೇರಿ ಮಾಡುವ ಗೆಳೆಯ ಹಮೀದಾಕ ನನ್ನನ್ನು ಬಿಡಲಿಲ್ಲ. “ನೀರು, ಕರೆಂಟು ಎರಡೂ ಇರುವಲ್ಲಿ ನೀವು ಕೈ ಹಾಕಬೇಡಿ ಮಾರಾಯ್ರೇ. ಅತ್ತೆ ಉಳಿದು ನೀವು ಹೋಗ್ತೀರಿ” ಎಂದು ತಾವೇ ಜೋಡಿಸಿಕೊಟ್ಟರು. ಅತ್ತೆಯ ಸಮಾಧಾನಕ್ಕೆ ಬಚ್ಚಲಿನ ಬಾಗಿಲ ಮೇಲೆ ಒಂದು ಹಸಿರು ಬಲ್ಬನ್ನೂ ಇಟ್ಟೆವು. ಅದು ಉರಿದರೆ ನೀರು ಅಪ್ಪಟ ಬಿಸಿಲಿನಲ್ಲೇ ಕಾಯುತ್ತಿದೆ ಎಂದು ಅರ್ಥ.

ಒಂದು ವಾರ ಬಲ್ಬು ಉರಿಯಿತು, ಬಚ್ಚಲಿನಲ್ಲಿ ಕೆಮ್ಮು ಕೇಳಲಿಲ್ಲ. ನಾನು ಆಫೀಸಿನಲ್ಲಿ ಸ್ವಲ್ಪ ಎದೆಯುಬ್ಬಿಸಿಯೇ ನಡೆದಾಡಿದೆ. ಎಂಟನೆಯ ದಿನ ಸುಡುಬಿಸಿಲಿನ ಮಧ್ಯಾಹ್ನ ಬಲ್ಬು ಉರಿಯಲಿಲ್ಲ. ಮರುದಿನವೂ ಇಲ್ಲ. ಹಂಡೆಯ ಒಲೆ ಮತ್ತೆ ಹೊಗೆಯಾಡಿತು. ನಾನು ಬೋರ್ಡು ಬದಲಿಸಿದೆ, ಬಳೆ ಬದಲಿಸಿದೆ, ಎರಡು ದಿನ ರಜೆ ಹಾಕಿ ಡಬ್ಬಿಯ ಮುಂದೆ ಕೂತೆ. ಕೊನೆಗೆ ಹಮೀದಾಕ ಬಂದು, ಎಲ್ಲ ನೋಡಿ, ತಾರಸಿ ಹತ್ತಿ ಅಲ್ಲಿಂದಲೇ ಕೂಗಿ ಹೇಳಿದರು. “ನಿಮ್ಮ ಬೋರ್ಡು ಸರಿ ಉಂಟು. ಹಪ್ಪಳ ಇನ್ನೂ ಒಣಗಿಲ್ಲ, ಅಷ್ಟೆ.” ಓಡಿಹೋಗಿ ನೋಡಿದರೆ ಸೋಲಾರ್ ಪ್ಯಾನೆಲ್ಲುಗಳ ಮೇಲೆ ಚಾಪೆ ಕಟ್ಟಿ, ಜಾರದಂತೆ ಒತ್ತಾಗಿ, ಹಲಸಿನ ಹಪ್ಪಳ ಹರಡಿತ್ತು. ಸುಮತಿಯ ಮೂಲಕ ಅತ್ತೆಯ ಉತ್ತರ ಬಂತು. “ಬಿಸಿಲು ಚೆಂದ ಬೀಳುವುದು ಅಲ್ಲಿಯೇ ಅಂತ ಇವರೇ ಹೇಳಿದ್ದಲ್ವಾ?” ಹೇಳಿದ್ದೆ. ಒಮ್ಮೆಯಲ್ಲ, ಮನೆಗೆ ಬಂದವರಿಗೆಲ್ಲ ಹೇಳಿದ್ದೆ. ಹಪ್ಪಳ ಕೆಳಗಿಳಿಯಿತು, ಬಲ್ಬು ಮತ್ತೆ ಉರಿಯಿತು.

ಆಮೇಲೆ ಮಳೆಗಾಲ ಬಂತು. ಅದಕ್ಕೆ ನನ್ನ ಡಬ್ಬಿಯಲ್ಲಿ ಪರಿಹಾರ ಇರಲಿಲ್ಲ. ಮೂರು ದಿನ ಸೂರ್ಯನ ಮುಖ ಕಾಣಲಿಲ್ಲ, ಅತ್ತೆ ಒದ್ದೆ ಸಿಪ್ಪೆಯನ್ನು ಊದಿ ಊದಿ ಹೊತ್ತಿಸಿದರು. ನಾಲ್ಕನೆಯ ದಿನ ಬೆಳಿಗ್ಗೆ ಅವರು ಬಚ್ಚಲಿನ ಗೋಡೆ ಹಿಡಿದು ಉಸಿರಿಗಾಗಿ ನಿಂತದ್ದನ್ನು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಂದು ಸಂಜೆ ಹಮೀದಾಕರನ್ನು ಕರೆಸಿ, ಡಬ್ಬಿಯನ್ನು ಕೇಳದೆಯೇ ಹೊರಗಿನ ಕರೆಂಟಿನಲ್ಲಿ ಗೀಸರ್ ಹಾಕುವ ಒಂದು ಗುಟ್ಟಿನ ಸ್ವಿಚ್ಚು ಇಡಿಸಿದೆ. ಅನುಮಾನ ಬರದಿರಲೆಂದು ಹಸಿರು ಬಲ್ಬನ್ನೂ ಅದಕ್ಕೇ ಜೋಡಿಸಿದೆ. ಅವರು ಹೋದ ಮೇಲೆ ಸ್ವಿಚ್ಚು ಒತ್ತಿ, ಏನೂ ಅರಿಯದವನಂತೆ ಬಂದು ಪೇಪರು ಹಿಡಿದು ಕೂತೆ.

ದೇವರಿಗೆ ದೀಪವಿಟ್ಟು ಬಂದ ಅತ್ತೆ ಬಚ್ಚಲಿನ ಮುಂದೆ ನಿಂತರು. ಉರಿಯುತ್ತಿರುವ ಬಲ್ಬನ್ನು ನೋಡಿದರು. ಕಿಟಕಿಯ ಹೊರಗಿನ ಕತ್ತಲನ್ನೂ ಸುರಿಯುವ ಮಳೆಯನ್ನೂ ನೋಡಿದರು. ಮತ್ತೆ ಬಲ್ಬನ್ನು ನೋಡಿದರು. ಕತ್ತಲಲ್ಲಿ ಬಿಸಿಲು ಬರುವುದಿಲ್ಲ ಎಂಬ ಸಂಗತಿ ನನ್ನ ಎಂಜಿನಿಯರ್ ತಲೆಗೆ ಹೊಳೆದದ್ದು ಆಗಲೇ. ನಾನು ಪೇಪರನ್ನು ಇನ್ನಷ್ಟು ಮೇಲೆತ್ತಿದೆ.

“ಸುಮತೀ,” ಎಂದರು ಅತ್ತೆ, “ಆ ಬಲ್ಬಿಗೆ ಒಂದು ಬಟ್ಟೆ ಮುಚ್ಚಲಿಕ್ಕೆ ಹೇಳು ಇವರಿಗೆ. ನಾನು ನೋಡಿದೆ ಅಂತಾದರೆ ನಾಳೆ ಸ್ನಾನ ಮಾಡುವುದು ಹೇಗೆ?”

ಎದ್ದು ಹೋಗಿ ಮೈ ಒರೆಸುವ ನನ್ನ ಬೈರಾಸನ್ನು ಬಲ್ಬಿನ ಮೇಲೆ ಹಾಕಿದೆ. ಮರುದಿನ ಬೆಳಿಗ್ಗೆ ಬಚ್ಚಲಿನಿಂದ ನೀರಿನ ಸದ್ದು ಮಾತ್ರ ಕೇಳಿಸಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ, ಹಾಸಿಗೆಯಲ್ಲಿ ಮಲಗಿಕೊಂಡೇ ನಾನು ನಕ್ಕೆ. ಈಗ ಮೋಡ ಕವಿದ ದಿನವೆಲ್ಲ ಸಂಜೆ ಸ್ವಿಚ್ಚು ಒತ್ತಿ ಬೈರಾಸು ಹೊದಿಸಬೇಕು, ಬೆಳಿಗ್ಗೆ ತೆಗೆಯಬೇಕು. ನಮ್ಮ ಮನೆಯಲ್ಲಿ ಇನ್ನೂ ಆಟೊಮ್ಯಾಟಿಕ್ ಆಗದೆ ಉಳಿದಿರುವುದು ಆ ಕೆಲಸವೊಂದೇ. ಅದನ್ನು ನಾನು ತಪ್ಪದೆ ಕೈಯಾರೆ ಮಾಡುತ್ತೇನೆ.