ಶಾಂಭವಿ ಟೀಚರ್ ಹೊಲಿಸಿಕೊಂಡ ಜಡೆ

"ಈ ಸಲ ಭದ್ರಾವತಿಗೆ ಕಾಲಿಟ್ಟರೆ ಸೊಂಟದವರೆಗೆ ಜಡೆ ಬಿಟ್ಕೊಂಡೇ ಕಾಲಿಡ್ತೀನಿ! ಇಲ್ಲಾಂದ್ರೆ ನಿಮ್ಮ ತಂಗಿ ಗೃಹಪ್ರವೇಶಕ್ಕೆ ನೀವೊಬ್ರೇ ಹೋಗಿ ಬನ್ನಿ!"

ಶಾಂಭವಿ ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಗಂಡ ಜ್ಞಾನೇಶನ ಬಾಯಲ್ಲಿ ಅರ್ಧ ಕಡುಬು ಇತ್ತು. ಅದು ಅಲ್ಲೇ ನಿಂತಿತು.

ತಪ್ಪು ಡೆಂಗ್ಯೂ ಜ್ವರದ್ದು. ಜ್ವರವೇನೋ ಹೋಯಿತು, ಹೋಗುವಾಗ ಶಾಂಭವಿಯ ಮುಕ್ಕಾಲು ಕೂದಲನ್ನು ಜೊತೆಗೇ ಕರೆದುಕೊಂಡು ಹೋಯಿತು. ಅದರ ಮೇಲೆ ನಾದಿನಿ ಪ್ರಿಯದರ್ಶಿನಿ ವಿಡಿಯೋ ಕಾಲ್‌ನಲ್ಲಿ, "ಅತ್ತಿಗೆ, ಸ್ವಲ್ಪ ಲೈಟ್ ಆಫ್ ಮಾಡಿ, ನೆತ್ತಿ ಹೊಳೀತಿದೆ!" ಅಂದುಬಿಟ್ಟಿದ್ದಳು. ಸುಮ್ಮನಿರುವುದು ಹೇಗೆ?

"ಒಂದು ಚೌರಿ ತಗೋ ಮಾರಾಯ್ತಿ," ಅಂದ ಜ್ಞಾನೇಶ್.

"ಚೌರಿ ಅಲ್ಲ ರೀ, ವೀವಿಂಗ್! ತಲೆಗೇ ಹೊಲೀತಾರೆ."

"ತಲೆಗೆ ಹೊಲಿಗೆ ಹಾಕ್ಸೋಕೆ ಆಸ್ಪತ್ರೆಗಲ್ವಾ ಹೋಗೋದು?"

ಅವಳು ಹೋದದ್ದು ಸವಳಂಗ ರಸ್ತೆಯ ಬ್ಯೂಟಿ ಪಾರ್ಲರಿಗೆ. ಅಲ್ಲಿನ ದಿವ್ಯಶ್ರೀ ಎಂಬ ಹುಡುಗಿ, ಇದ್ದ ಕೂದಲನ್ನೇ ನೆತ್ತಿಗೆ ಅಂಟಿದ ಹಾಗೆ ಸಣ್ಣ ಸಣ್ಣ ಜಡೆ ಹೆಣೆದು, ಅದರ ಮೇಲೆ ಉದ್ದ ಕೂದಲಿನ ಪಟ್ಟಿಗಳನ್ನಿಟ್ಟು ಸೂಜಿ ದಾರದಲ್ಲಿ ಹೊಲಿದಳು. ನಾಲ್ಕು ಗಂಟೆ ಹಿಡಿಯಿತು. ಕನ್ನಡಿಯಲ್ಲಿ ನೋಡಿದರೆ ಸಾಕ್ಷಾತ್ ಮಹಾರಾಣಿ!

"ಮೇಡಂ, ಒಳಗಿರೋ ನಿಮ್ಮ ಕೂದಲನ್ನ ಮರೀಬೇಡಿ. ಬುಡಕ್ಕೆ ಎಣ್ಣೆ ಮುಟ್ಟಿಸಿ. ತಲೆ ತೊಳೆದ್ರೆ ಪೂರ್ತಿ ಒಣಗಿಸಿ. ಆರೇಳು ವಾರಕ್ಕೆ ಇಲ್ಲಿಗೇ ಬಂದು ಬಿಚ್ಚಿಸ್ಕೊಳ್ಳಿ. ನೀವಾಗೇ ಕತ್ತರಿ ಹಾಕಬೇಡಿ," ಅಂದಳು ದಿವ್ಯಶ್ರೀ.

"ನೋಡಮ್ಮ, ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಲ್ಲಿ ವಿಜ್ಞಾನ ಹೇಳ್ತಿದ್ದೀನಿ. ನನಗೇ ಪಾಠನಾ?"

ಆದರೆ ಗೃಹಪ್ರವೇಶವೇ ಮುಂದಕ್ಕೆ ಹೋಯಿತು. ಟೈಲ್ಸ್ ಮುಗಿದಿಲ್ಲ, ಬಣ್ಣ ಒಣಗಿಲ್ಲ. ಆರು ವಾರ ಎಂಟಾಯಿತು, ಎಂಟು ಹನ್ನೆರಡಾಯಿತು. ತೊಳೆದ ತಲೆ ಒಣಗಲು ಎರಡು ಗಂಟೆ ಬೇಕು. ಸ್ಕೂಲಿನ ಗಂಟೆ ಕಾಯುತ್ತದೆಯೇ? ಒದ್ದೆಯಲ್ಲೇ ಜಡೆ ಬಿಗಿದು ಓಡಿದಳು. ಶುರುವಾಯಿತು ತುರಿಕೆ! ಎಂಥಾ ತುರಿಕೆ! ಹೊಲಿಗೆಯೊಳಗೆ ಉಗುರು ಹೋಗದು, ಪೆನ್ನು ಹೋಗದು. ಉಳಿದದ್ದು ಒಂದೇ ದಾರಿ. ಅಂಗೈಯಿಂದ ಪಟಪಟ ತಲೆ ತಟ್ಟಿಕೊಳ್ಳುವುದು.

ಎಂಟನೇ ಕ್ಲಾಸಿನಲ್ಲಿ ಪಾಠ ಹೇಳುತ್ತಾ ತಟ್ಟಿಕೊಂಡಳು. ಟೀಚರ್ ಮಾಡಿದ್ದನ್ನು ಮಾಡದಿದ್ದರೆ ಮಕ್ಕಳಾ? ಐವತ್ತು ತಲೆಗಳೂ ಪಟಪಟ! ಬಾಗಿಲಲ್ಲಿ ಹೆಡ್‌ಮಾಸ್ಟರ್ ರಾಮಚಂದ್ರಪ್ಪ ಪ್ರತ್ಯಕ್ಷರಾದರು.

"ಏನು ಟೀಚರ್ ಇದು?"

"ಚಟುವಟಿಕೆ ಸರ್! ನೆನಪಿನ ಶಕ್ತಿ ಹೆಚ್ಚುತ್ತೆ!"

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ಟರರ ಅಪ್ಪಣೆಯಂತೆ ಇಡೀ ಶಾಲೆ ತಲೆ ತಟ್ಟಿಕೊಂಡಿತು.

"ಸಾಕು, ಬಿಚ್ಚಿಸ್ಕೋ. ದಿಂಬು ಕೂಡ ಒದ್ದೆ ಟವೆಲ್ ಥರ ನಾರ್ತಿದೆ," ಅಂದ ಜ್ಞಾನೇಶ್.

"ಗೃಹಪ್ರವೇಶ ಆಗೋವರೆಗೆ ಒಂದು ಎಳೆ ಅಲ್ಲಾಡಲ್ಲ! ನನ್ನ ತಲೆ, ನನ್ನ ಹಠ!"

ಕೊನೆಗೂ ಆ ದಿನ ಬಂತು. ಭದ್ರಾವತಿಯ ಹೊಸ ಮನೆಯ ಹೊಸ್ತಿಲಲ್ಲಿ ಪ್ರಿಯದರ್ಶಿನಿ, "ಅಬ್ಬಬ್ಬಾ, ಏನು ಕೂದಲು ಅತ್ತಿಗೆ!" ಎಂದು ಬಾಯಿ ಬಿಟ್ಟಳು. ಶಾಂಭವಿಯ ಜನ್ಮ ಸಾರ್ಥಕವಾಯಿತು, ಸರಿಯಾಗಿ ಹತ್ತು ನಿಮಿಷ. ಆಮೇಲೆ ಪೂಜೆಯ ಧೂಪ, ಸೆಕೆ, ರೇಷ್ಮೆ ಸೀರೆ ಎಲ್ಲ ಸೇರಿ ನೆತ್ತಿಯ ಮೇಲೆ ಇರುವೆಗಳ ಜಾತ್ರೆ ನೆರೆಯಿತು. ಇನ್ನೊಂದು ಕ್ಷಣವೂ ಆಗದು! ರಿಬ್ಬನ್ ಕತ್ತರಿಸಲು ಇಟ್ಟಿದ್ದ ಕತ್ತರಿ ಎತ್ತಿಕೊಂಡವಳೇ ಮಹಡಿಯ ಬಚ್ಚಲುಮನೆಗೆ ಓಡಿದಳು.

ದಾರವೂ ಕಪ್ಪು, ಕೂದಲೂ ಕಪ್ಪು. ವಿಜ್ಞಾನದ ಟೀಚರಿಗೆ ಎರಡರ ವ್ಯತ್ಯಾಸ ತಿಳಿಯಲಿಲ್ಲ. ಕಚಕ್! ಕಚಕ್! ಕೈಗೆ ಬಂದ ಪಟ್ಟಿಯ ಜೊತೆಗೆ ಅವಳ ಸ್ವಂತ ಜಡೆಗಳೂ ಬಂದವು. ಎಡಗಡೆ ಪೂರ್ತಿ ಬಯಲಾಯಿತು.

"ಅತ್ತಿಗೆ, ಹುಷಾರಾಗಿದ್ದೀರಾ?" ಪ್ರಿಯದರ್ಶಿನಿ ಬಾಗಿಲು ತಟ್ಟಿದಳು. ಚಿಲಕ ತೆಗೆಯದೆ ವಿಧಿಯಿರಲಿಲ್ಲ.

ನಗುತ್ತಾಳೆ ಅಂದುಕೊಂಡರೆ ಅವಳು ನಗಲಿಲ್ಲ. ಕೊಬ್ಬರಿ ಎಣ್ಣೆಯನ್ನೂ ಚೂಪು ತುದಿಯ ಬಾಚಣಿಗೆಯನ್ನೂ ತಂದು, ಮನೆತುಂಬ ನೆಂಟರನ್ನು ಬಿಟ್ಟು, ಅತ್ತಿಗೆಯ ಹಿಂದೆ ಸ್ಟೂಲ್ ಹಾಕಿಕೊಂಡು ಕೂತಳು. ಬಲಗಡೆಯ ಹೊಲಿಗೆಯನ್ನು ಎಳೆ ಎಳೆಯಾಗಿ ಬಿಡಿಸಿದಳು.

"ಬಾಣಂತನ ಆದ್ಮೇಲೆ ನಂದೂ ಹಿಡಿ ಹಿಡಿ ಉದುರಿತ್ತು ಅತ್ತಿಗೆ. ಆದ್ರೂ ನಿಮ್ಮನ್ನ ತಮಾಷೆ ಮಾಡ್ದೆ. ತಪ್ಪಾಯ್ತು. ಅಳ್ತಿದೀರಾ?"

"ಯಾರು ಅಳ್ತಾರೆ? ಎಣ್ಣೆ ಕಣ್ಣಿಗೆ ಹೋಯ್ತು!"

"ತಲೆ ಮೇಲೆ ಸೆರಗು ಹೊದ್ಕೊಳ್ಳಿ, ಯಾರಿಗೂ ಗೊತ್ತಾಗಲ್ಲ."

"ಯಾಕೆ ಹೊದ್ಕೋಬೇಕು? ಉಳಿದಿರೋದು ನನ್ನದೇ ಕೂದಲು, ಕದ್ದಿದ್ದಲ್ಲ! ಕೇಳಿದವರಿಗೆ ಉತ್ತರ ನಾನು ಕೊಡ್ತೀನಿ!"

ಎದೆಯುಬ್ಬಿಸಿ ಮೆಟ್ಟಿಲಿಳಿದಳು. ಎಡಗಡೆ ಬಯಲು, ಬಲಗಡೆ ಎಣ್ಣೆ ಸುರಿಯುವ ಕುರುಚಲು! ಊಟದ ಪಂಕ್ತಿಯ ತಲೆಗಳೆಲ್ಲ ಅತ್ತ ತಿರುಗಿದವು. ಜ್ಞಾನೇಶನ ಕೈಯಲ್ಲಿದ್ದ ಹೋಳಿಗೆ ಎಲೆಗೆ ಬಿತ್ತು. ಎಲ್ಲರಿಗೂ ಒಂದೊಂದು ಉತ್ತರ ನಾಲಿಗೆಯ ತುದಿಯಲ್ಲಿಟ್ಟುಕೊಂಡು ಶಾಂಭವಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಮೊದಲು ಬಾಯಿಬಿಟ್ಟವರು ಜ್ಞಾನೇಶನ ದೊಡ್ಡಪ್ಪ, ಎಂಬತ್ತು ದಾಟಿದ ಷಡಕ್ಷರಪ್ಪನವರು. ಕನ್ನಡಕ ಸರಿಮಾಡಿಕೊಂಡು ಭಕ್ತಿಯಿಂದ ಕೈಮುಗಿದರು.

"ದೇವರಿಗೆ ಮುಡಿ ಕೊಟ್ಟಿದ್ದೀಯೇನಮ್ಮಾ? ಅರ್ಧವೇ ತೆಗೆದಿದಾರಲ್ಲ! ಏನಂತ ಹರಕೆ ಹೊತ್ತಿದ್ದೆ ತಾಯಿ?"

ಶಾಂಭವಿಯ ಕೈ ಸೊಂಟದಿಂದ ಕೆಳಗಿಳಿಯಿತು.

"ಬುದ್ಧಿ ಕೊಡು ಅಂತ, ಮಾವ," ಅಂದಳು ಮೆಲ್ಲಗೆ.

"ಹಾಗಾದ್ರೆ ಉಳಿದರ್ಧವನ್ನೂ ಬೇಗ ಕೊಟ್ಟುಬಿಡಮ್ಮಾ!"