ಅಪ್ಪನ ದನಿ ಮತ್ತು ಮೇಲೇಳದ ಲ್ಯಾಪ್‌ಟಾಪ್

ಸತ್ತವರ ಕನ್ನಡಕ, ಕೋಲು, ಕೋಟುಗಳನ್ನು ಎಲ್ಲಿಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಟ್ರಂಕಿನೊಳಗೆ ಹಾಕಿದರೆ ಅವು ಸುಮ್ಮನೆ ಬಿದ್ದಿರುತ್ತವೆ. ಕಷ್ಟವಾಗುವುದು ದನಿಯದು. ನಾನು ಅಪ್ಪನ ದನಿಯನ್ನು ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದೆ. ಅದೂ ಒಂದೇ ಪ್ರತಿ.

ಅಪ್ಪ ಮಲ್ಲಟದ ಗದ್ದೆಗಳಲ್ಲಿ ಕೂಲಿ ಮಾಡುತ್ತಲೇ ಓದಿ ಮಾಸ್ತರರಾದವರು. ಕೊನೆಯ ವರ್ಷ ಅವರನ್ನು ಎದುರಿಗೆ ಕೂರಿಸಿಕೊಂಡು ಅವರ ಬಾಳಿನ ಕಥೆಯನ್ನೆಲ್ಲ ರೆಕಾರ್ಡ್ ಮಾಡಿದ್ದೆ. ಮೊದಲ ವರ್ಷದ ಪುಣ್ಯಸ್ಮರಣೆಯಂದು ಮಾನ್ವಿಯ ಅಣ್ಣನ ಮನೆಯಲ್ಲಿ ಬುದ್ಧವಂದನೆ ಮುಗಿದ ಮೇಲೆ ಅದನ್ನು ಎಲ್ಲರಿಗೂ ಕೇಳಿಸುವುದೆಂದು ಮಾತಾಗಿತ್ತು. ಅದೇ ವಾರ ರಾಯಚೂರಿನ ನನ್ನ ಮನೆಯಲ್ಲಿ ಲ್ಯಾಪ್‌ಟಾಪ್ ಮೇಲೇಳುವುದನ್ನು ನಿಲ್ಲಿಸಿತು. ಗುಂಡಿ ಒತ್ತಿದರೆ ಕಪ್ಪು ಪರದೆ, ಅದರ ಮೇಲೆ ಎರಡು ಸಾಲು ಇಂಗ್ಲಿಷು. ನನ್ನ ಹೆಂಡತಿ ಬಗ್ಗಿ ನೋಡಿ, ನಿಮ್ಮನ್ನು ಮುಂಜಾನೆ ಎಬ್ಬಿಸುವಾಗ ನನಗೂ ಹೀಗೇ ಆಗುತ್ತದೆ ಎಂದಳು.

ದೇವದುರ್ಗದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಗೆಳೆಯ ಮಲ್ಲಣ್ಣನಿಗೆ ಫೋನು ಮಾಡಿದೆ. ಲಿನಕ್ಸ್ ಎಂಬ ಬೇರೊಂದು ಆಪರೇಟಿಂಗ್ ಸಿಸ್ಟಮನ್ನು ಒಂದು ಡಿವಿಡಿಗೆ ಹಾಕಿ ಅದರಿಂದಲೇ ಯಂತ್ರ ಶುರು ಮಾಡಿದರೆ ಒಳಗಿನ ಫೈಲುಗಳನ್ನು ಎತ್ತಿಕೊಳ್ಳಬಹುದೆಂದ. ಹಾಗೇ ನಮ್ಮ ಕಾಲೇಜಿನ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡಿ ಡಿವಿಡಿಗೆ ಹಾಕಿದೆ. ಲ್ಯಾಪ್‌ಟಾಪಿಗೆ ತುರುಕಿದರೆ ಡಿವಿಡಿ ಗಿರ್ರೆಂದು ತಿರುಗಿ ಸುಮ್ಮನಾಯಿತು. ಅವನು ಹೇಳಿದ ಸೆಟ್ಟಿಂಗಿಗೆ ಹೋಗಿ, ಮೊದಲು ಡಿವಿಡಿ ನೋಡು, ಆಮೇಲೆ ಹಾರ್ಡ್‌ಡಿಸ್ಕ್ ನೋಡು ಎಂದು ಕ್ರಮ ಬದಲಿಸಿದೆ. ಮತ್ತೆ ಅದೇ ಎರಡು ಸಾಲು. ನಾಳೆ ಕಾರ್ಯಕ್ರಮವೆನ್ನುವಾಗ ದೇವದುರ್ಗದ ಬಸ್ಸು ಹತ್ತಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬಸ್ಸು ಕುಲುಕಿದಾಗಲೆಲ್ಲ ಜ್ವರ ಬಂದ ಕೂಸಿನ ಹಾಗೆ ಅವುಚಿಕೊಳ್ಳುತ್ತಿದ್ದೆ.

ಮಲ್ಲಣ್ಣ ನನ್ನ ಡಿವಿಡಿಯನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಿದ. ಪಾಪ, ನಗು ತಡೆದುಕೊಳ್ಳುತ್ತಿದ್ದ. ನಾನು ಫೈಲನ್ನು ಇದ್ದ ಹಾಗೇ ನಕಲು ಮಾಡಿದ್ದೆನಂತೆ. ಅದನ್ನು ಬಿಚ್ಚಿ ಒಳಗಿನದೆಲ್ಲ ಡಿವಿಡಿಯ ಮೇಲೆ ಹರಡುವಂತೆ, ಇಮೇಜ್ ಆಗಿ ಬರೆಯಬೇಕಿತ್ತಂತೆ. ಅಂದರೆ ನಾನು ಅಕ್ಕಿಚೀಲವನ್ನು ಬಾಯಿ ಬಿಚ್ಚದೆ ಒಲೆಯ ಮೇಲಿಟ್ಟು ಅನ್ನಕ್ಕಾಗಿ ಕಾದು ಕೂತಿದ್ದೆ. ಅವನು ಹೊಸ ಡಿವಿಡಿ ಬರೆದ, ಲಿನಕ್ಸಿಗೆ ಅಡ್ಡ ನಿಂತಿದ್ದ ಇನ್ನೊಂದು ಸೆಟ್ಟಿಂಗನ್ನೂ ತೆಗೆದ. ಪರದೆ ಬೆಳಗಿತು. ನಾನು ಖುಷಿಯಿಂದ ಅವನ ಹೆಗಲು ಹಿಡಿದುಕೊಂಡೆ.

ಆದರೆ ಅಲ್ಲಿ ಹಾರ್ಡ್‌ಡಿಸ್ಕ್ ಕಾಣಲೇ ಇಲ್ಲ. ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಮಾತ್ರ. ಮಲ್ಲಣ್ಣ ಕಿವಿಯಿಟ್ಟು ಕೇಳಿದ.

“ಲಿನಕ್ಸಿಂದೇನೂ ತಪ್ಪಿಲ್ಲ ಸರ. ಡಿಸ್ಕೇ ಹೋಗ್ಯದ. ಹೈದರಾಬಾದಿನ ರಿಪೇರಿಯವ್ರಿಗೆ ಕಳಿಸಿದ್ರ ಫೈಲು ಸಿಕ್ಕರೂ ಸಿಗಬಹುದು. ಭರವಸಾ ಇಟ್ಕೋಬ್ಯಾಡ್ರಿ.”

ಮರುದಿನ ಮಾನ್ವಿಯಲ್ಲಿ ಅಣ್ಣನನ್ನು ಒಳಮನೆಗೆ ಕರೆದು ವಿಷಯ ಹೇಳಿದೆ. ಹೊರಗೆ ಜನ ಕೂತಿದ್ದರು. ಅವನು ಬೈದಿದ್ದರೆ ಹಗುರಾಗುತ್ತಿತ್ತು. “ಅಪ್ಪ ಹೇಳೂವಾಗ ಎದುರಿಗೆ ಕುಂತಾವ ನೀನೇ ಅಲ್ಲ? ನೀನೇ ಹೇಳು,” ಎಂದುಬಿಟ್ಟ.

ಎದ್ದು ನಿಂತೆ. ಅಪ್ಪ ಮಾತಾಡುವಾಗ ನನ್ನ ಕಣ್ಣೆಲ್ಲ ಲ್ಯಾಪ್‌ಟಾಪಿನ ಪರದೆಯಲ್ಲಿ ದನಿ ಏರಿದಂತೆ ಏರುವ ಹಸಿರು ಗೆರೆಯ ಮೇಲಿತ್ತು. ನೆನಪಿಗೆ ಬಂದದ್ದು ಮಟಮಾರಿ ಎಂಬ ಊರಿನ ಕಥೆಯೊಂದೇ. ಅಪ್ಪ ಮೊದಲ ನೌಕರಿಗೆ ಅಲ್ಲಿಗೆ ಹೋದಾಗ ಜಾತಿ ಕೇಳಿದವರು ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ಅಪ್ಪ ಶಾಲೆಯ ಪಡಸಾಲೆಯಲ್ಲೇ ಮಲಗಿದರು. ಮುಂಜಾನೆ ಬಂದ ಹುಡುಗರು ನೋಡಿ, ಈ ಮಾಸ್ತರ ನಮಗಿಂತ ಮೊದಲೇ ಬಂದಾರೆಂದು ಊರೆಲ್ಲ ಸಾರಿದರು. ಟೈಮಿಗೆ ಬರುವ ಮಾಸ್ತರ ಎಂಬ ಹೆಸರು ಅವರಿಗೆ ನಿವೃತ್ತಿಯಾಗುವವರೆಗೂ ಉಳಿಯಿತು. ಅಪ್ಪ ಇದನ್ನು ಹೇಳುವಾಗ ಇಲ್ಲಿ ನಗುತ್ತಿದ್ದರು. ನಾನು ಅಲ್ಲಿಗೆ ಬಂದಾಗ ಕಣ್ಣೊರೆಸಿಕೊಂಡೆ. ಮುಂದೇನೂ ಹೇಳಲಾಗದೆ ಕೈಮುಗಿದೆ. ಜನ ತಲೆ ತಗ್ಗಿಸಿ ಕೂತಿದ್ದರು. ಒಬ್ಬರೂ ನಗಲಿಲ್ಲ.

ಊಟಕ್ಕೆ ಏಳುವಾಗ ಅಪ್ಪನ ತಂಗಿ, ನಮ್ಮ ಅತ್ತೆ, ನನ್ನ ಕೈ ಹಿಡಿದುಕೊಂಡಳು.

“ದನಿ ಥೇಟ್ ನಮ್ಮಣ್ಣಂದೇ ಅದ ನೋಡಪ್ಪಾ. ಖರೇ, ಆದ್ರ ಅವ ನಗಸ್ತಿದ್ದ.”

ನಮ್ಮ ಕಾಲೇಜಿನಲ್ಲಿ ಯಾರ ಬೀಳ್ಕೊಡುಗೆಯಾದರೂ ಹಾಸ್ಯ ಭಾಷಣಕ್ಕೆ ನನ್ನನ್ನೇ ಕರೆಯುತ್ತಾರೆ. ಅದು ಅತ್ತೆಗೆ ಗೊತ್ತಿಲ್ಲ. ಹೋಗಿ ಪಂಕ್ತಿಯಲ್ಲಿ ಕೂತೆ.